ಮಗಳ ಜೀವನಾಂಶಕ್ಕೆ ಉಚಿತ ಕಾನೂನು ನೆರವು: ನನ್ನ 14 ತಿಂಗಳ ಅನುಭವ

ಹೋಟೆಲು, ಮಿಕ್ಸಿ, ಮೊಬೈಲು ಎಲ್ಲದಕ್ಕೂ ರಿವ್ಯೂ ಸಿಗುತ್ತದೆ. 2024ರಲ್ಲಿ ನನಗೆ ಬೇಕಾಗಿದ್ದ ರಿವ್ಯೂ ಮಾತ್ರ ಎಲ್ಲೂ ಸಿಗಲಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರಂತೆ, ಅವರು ನಿಜವಾಗಿ ಕೆಲಸ ಮಾಡುತ್ತಾರಾ? ಮಗುವಿಗೆ ಎಷ್ಟು ದುಡ್ಡು ಎಂದು ಕೋರ್ಟು ಹೇಗೆ ತೀರ್ಮಾನಿಸುತ್ತದೆ? ಇದನ್ನು ಅನುಭವಿಸಿದವರೇ ಹೇಳಬೇಕು. ನಾನು ಅನುಭವಿಸಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ. ಯಾವ ಊರು ಎಂದು ಮಾತ್ರ ಬರೆಯುವುದಿಲ್ಲ. ಮಗಳು ಇಲ್ಲೇ ಶಾಲೆಗೆ ಹೋಗುತ್ತಾಳೆ.

ನಾನು ಒಂದು ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಸಂಬಳ 13,500. ನನ್ನ ಜೊತೆ ಅಮ್ಮ ಮತ್ತು ಮಗಳು ಇದ್ದಾರೆ. 2022ರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಆಯಿತು. ಮಗಳ ತಂದೆಗೆ ಅಡಿಕೆ ತೋಟ ಇದೆ. ಆಗ ನನಗೆ ಆ ಮನೆಯಿಂದ ಹೊರಗೆ ಬಂದರೆ ಸಾಕಾಗಿತ್ತು. 'ನನಗೂ ಮಗುವಿಗೂ ಮುಂದೆ ಏನೂ ಕೇಳುವುದಿಲ್ಲ' ಎಂದು ರಾಜಿ ಪತ್ರದಲ್ಲಿ ಬರೆದಿದ್ದರು. ಓದಿಯೇ ಸಹಿ ಹಾಕಿದೆ. ಎರಡು ವರ್ಷ ಹೇಗೋ ನಡೆಯಿತು. ಆಮೇಲೆ ಮಗಳಿಗೆ ಉಬ್ಬಸ ಶುರುವಾಯಿತು. ಇನ್‌ಹೇಲರ್, ಡಾಕ್ಟರ್ ಫೀಸು, ಶಾಲೆಯ ಫೀಸು ಎಲ್ಲ ಒಟ್ಟಿಗೆ ಬಂದು ನಿಂತವು.

ಮೊದಲು ಒಬ್ಬ ಖಾಸಗಿ ವಕೀಲರ ಹತ್ತಿರ ಹೋದೆ. ರಾಜಿ ಪತ್ರ ನೋಡಿದವರೇ 'ಇದು ಆಗುವುದಿಲ್ಲಮ್ಮ, ನೀವೇ ಬರೆದುಕೊಟ್ಟಿದ್ದೀರಲ್ಲ' ಎಂದರು. ಆ ಒಂದು ಮಾತಿಗೆ ಸಾವಿರ ರೂಪಾಯಿ ಕೊಟ್ಟು ಬಂದೆ. ಆ ಮಾತು ತಪ್ಪು ಎಂದು ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು. ನಮ್ಮ ಅಂಗಡಿಗೆ ಬರುವ ಒಬ್ಬ ಅಂಗನವಾಡಿ ಟೀಚರ್ 15100ಕ್ಕೆ ಫೋನ್ ಮಾಡಿ ನೋಡು ಎಂದರು. ಅದು ಕಾನೂನು ನೆರವಿನ ಸಹಾಯವಾಣಿ. ಅಲ್ಲಿಂದ ನಮ್ಮ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುವ ಕಚೇರಿಗೆ ಹೋಗಲು ಹೇಳಿದರು.

ಒಂದು ವಿಷಯ ಬಹಳ ಹೆಣ್ಣುಮಕ್ಕಳಿಗೆ ಗೊತ್ತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಮತ್ತು ಮಕ್ಕಳಿಗೆ ಉಚಿತ ವಕೀಲರು ಸಿಗಲು ಆದಾಯದ ಮಿತಿ ಇಲ್ಲ. ಬಡವರು ಎಂದು ತೋರಿಸುವ ಸರ್ಟಿಫಿಕೇಟ್ ಬೇಡ. ನನಗೆ ಸಂಬಳ ಇದೆಯಲ್ಲ, ಕೊಡುತ್ತಾರೋ ಇಲ್ಲವೋ ಎಂದು ಹೆದರಿಕೊಂಡೇ ಹೋಗಿದ್ದೆ. ಆಧಾರ್, ಮಗಳ ಜನನ ಪ್ರಮಾಣಪತ್ರ, ವಿಚ್ಛೇದನದ ಆದೇಶ ತೋರಿಸಿದೆ. ಒಂದು ಫಾರಂ ತುಂಬಿಸಿದರು. ಒಂಬತ್ತು ದಿನಕ್ಕೆ ವಕೀಲರ ಹೆಸರು ಬಂತು.

ಆ ಮೊದಲ ವಕೀಲರ ಬಗ್ಗೆ ಒಳ್ಳೆಯದು ಹೇಳಲು ಆಗುವುದಿಲ್ಲ. ಎರಡು ಸಲ ಟೈಮ್ ಕೊಟ್ಟು ಬರಲಿಲ್ಲ. ನಾನು ಅರ್ಧ ದಿನದ ಸಂಬಳ ಬಿಟ್ಟು ಹೋಗಿ ಬೆಂಚಿನ ಮೇಲೆ ಕೂತು ವಾಪಸ್ ಬಂದೆ. ಮೂರನೇ ಸಲ ಅವರ ಗುಮಾಸ್ತ ಟೈಪಿಂಗಿಗೆ 500 ಕೇಳಿದ. ಉಚಿತ ಎಂದರೆ ಟೈಪಿಂಗ್ ಕೂಡ ಉಚಿತವೇ. ಕಚೇರಿಗೆ ಹೋಗಿ ವಕೀಲರನ್ನು ಬದಲಾಯಿಸಿ ಕೊಡಿ ಎಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟೆ. ಯಾರೂ ಬೈಯಲಿಲ್ಲ, ಬದಲಾಯಿಸಿ ಕೊಟ್ಟರು. ಹಾಗೆ ಕೇಳುವ ಹಕ್ಕು ನಮಗಿದೆ ಎಂದು ಗೊತ್ತಿಲ್ಲದಿದ್ದರೆ ನಾನು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆನೇನೋ.

ಎರಡನೆಯ ವಕೀಲರು ಹೆಂಗಸು. ಸುಮಾರು ನಲವತ್ತು ವರ್ಷ ಇರಬಹುದು. ರಾಜಿ ಪತ್ರ ಓದಿ ಅವರು ಹೇಳಿದ ಮಾತು ನನಗೆ ಹಾಗೇ ನೆನಪಿದೆ. 'ನಿಮ್ಮ ಹಕ್ಕು ನೀವು ಬಿಟ್ಟುಕೊಡಬಹುದು. ಮಗುವಿನ ಹಕ್ಕು ಬಿಟ್ಟುಕೊಡಲು ನೀವು ಯಾರು?' ಬೈದ ಹಾಗೆ ಇತ್ತು. ಆದರೆ ಎರಡು ವರ್ಷದಲ್ಲಿ ನನಗೆ ಅಷ್ಟು ಸಮಾಧಾನ ಕೊಟ್ಟ ಮಾತು ಬೇರೆ ಇಲ್ಲ. ಜೀವನಾಂಶ ಮಗುವಿನ ಸ್ವಂತ ಹಕ್ಕು. ತಾಯಿ ಸಹಿ ಹಾಕಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಅರ್ಜಿಯಲ್ಲಿ ಅರ್ಜಿದಾರಳ ಜಾಗದಲ್ಲಿ ಮಗಳ ಹೆಸರೇ ಬಂತು. ನಾನು ಅವಳ ಪರವಾಗಿ ಸಹಿ ಹಾಕುವ ತಾಯಿ, ಅಷ್ಟೇ.

2024ರ ಜುಲೈ 10ರಂದು ಅರ್ಜಿ ಹಾಕಿದೆವು. ಅದೇ ಜುಲೈ 1ರಿಂದ ಹೊಸ ಕಾನೂನು ಬಂದಿತ್ತು. ಹಳೇ ಕಾನೂನಿನ 125ನೇ ಸೆಕ್ಷನ್ನಿನಿಂದಾಗಿ ಮೊದಲು ಎಲ್ಲರೂ 'ನೂರ ಇಪ್ಪತ್ತೈದು' ಎನ್ನುತ್ತಿದ್ದ ಅರ್ಜಿ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್. ಕೋರ್ಟಿನ ಹೊರಗೆ ಜನ ಈಗಲೂ ನೂರ ಇಪ್ಪತ್ತೈದು ಎಂದೇ ಹೇಳುತ್ತಾರೆ. ಹಳೇ ಕಾನೂನಿನಲ್ಲಿ 2001ರ ತನಕ ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತಂತೆ. ಈಗ ಮಿತಿ ಇಲ್ಲ.

ಮಿತಿ ಇಲ್ಲ, ಹಾಗೆಯೇ ಪಟ್ಟಿಯೂ ಇಲ್ಲ. ಸಂಬಳದಲ್ಲಿ ಇಷ್ಟು ಪರ್ಸೆಂಟ್ ಮಗುವಿಗೆ ಎಂದು ಎಲ್ಲೋ ಬರೆದಿರುತ್ತದೆ ಎಂದುಕೊಂಡಿದ್ದೆ. ಎಲ್ಲರೂ ಕಾಲು ಭಾಗ ಎನ್ನುತ್ತಾರೆ. ಅದು 2017ರ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೆಂಡತಿಯ ಜೀವನಾಂಶದ ಬಗ್ಗೆ ಹೇಳಿದ ಮಾತು, ಎಲ್ಲ ಕೇಸಿಗೂ ಅಳತೆಗೋಲಲ್ಲ ಎಂದು ವಕೀಲರು ಬಿಡಿಸಿ ಹೇಳಿದರು. ಮಗುವಿನ ವಿಷಯದಲ್ಲಿ ಕೋರ್ಟು ನೋಡುವುದು ಮೂರು ಸಂಗತಿ. ಮಗುವಿಗೆ ನಿಜವಾಗಿ ಎಷ್ಟು ಬೇಕು, ತಂದೆಯ ಕೈಯಲ್ಲಿ ಎಷ್ಟಾಗುತ್ತದೆ, ತಾಯಿಯ ದುಡಿಮೆ ಎಷ್ಟು. ಉತ್ತರ ಹುಟ್ಟುವುದು ಅಫಿಡವಿಟ್ಟಿನಲ್ಲಿ, ಅಂದರೆ ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆಯಲ್ಲಿ. ಕೋರ್ಟ್ ಹಾಲಿನಲ್ಲಿ ಅತ್ತರೆ ಒಂದು ರೂಪಾಯಿಯೂ ಜಾಸ್ತಿ ಆಗುವುದಿಲ್ಲ. ಮೊದಲ ದಿನ ನಾನೂ ಅತ್ತಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಈ ಅಫಿಡವಿಟ್ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯಬೇಕು. 2020ರ ನವೆಂಬರ್ 4ರಂದು 'ರಜನೇಶ್ ವರ್ಸಸ್ ನೇಹಾ' ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ, ಖರ್ಚು ಎಲ್ಲ ಬಿಚ್ಚಿಟ್ಟು ಪ್ರಮಾಣ ಮಾಡಬೇಕು ಎಂದು ಅದರಲ್ಲಿ ಹೇಳಿದೆ. ಫಾರಂ ಹೇಗಿರಬೇಕು ಎಂದೂ ಕೊಟ್ಟಿದೆ. ಸಂಬಳ, ವ್ಯಾಪಾರದವರಿಗೆ ಒಂದು ನಮೂನೆ, ಕೃಷಿಕರಿಗೆ ಬೇರೆ ನಮೂನೆ. ಇದು ನನ್ನ ಕೇಸಿನಲ್ಲಿ ಬಹಳ ದೊಡ್ಡ ವಿಷಯವಾಯಿತು. ರೈತನಿಗೆ ಸ್ಯಾಲರಿ ಸ್ಲಿಪ್ ಇರುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆಯೂ ಇಲ್ಲ, ಹಾಗಾಗಿ ತೆರಿಗೆ ಲೆಕ್ಕದಲ್ಲೂ ಅದು ಸರಿಯಾಗಿ ಕಾಣುವುದಿಲ್ಲ. ಆ ನಮೂನೆಯಲ್ಲಿ ಜಮೀನು ಎಷ್ಟು, ತರಿಯೋ (ನೀರಾವರಿ) ಖುಷ್ಕಿಯೋ (ಮಳೆ ನಂಬಿದ್ದು), ಏನು ಬೆಳೆ, ಕಳೆದ ಮೂರು ವರ್ಷ ಎಷ್ಟು ಬಂತು, ದನಕರು ಇವೆಯಾ, ಸಾಲ ಇದೆಯಾ ಎಂದೆಲ್ಲ ಬರೆಯಬೇಕು.

ನಮ್ಮ ಕಡೆಯ ಅಫಿಡವಿಟ್ ತುಂಬಲು ಮೂರು ಸಂಜೆ ಹಿಡಿಯಿತು. ಫಾರಂ ಇಂಗ್ಲಿಷಿನಲ್ಲಿತ್ತು. ನಮ್ಮ ಜಿಲ್ಲಾ ಕೋರ್ಟುಗಳಲ್ಲಿ ಕನ್ನಡದಲ್ಲೇ ವ್ಯವಹಾರ ಮಾಡಬಹುದು. ಹಾಗಿದ್ದ ಮೇಲೆ ಇಷ್ಟು ಮುಖ್ಯವಾದ ಫಾರಂ ಕನ್ನಡದಲ್ಲಿ ಆ ಕಚೇರಿಯ ಮೇಜಿನ ಮೇಲೆ ಯಾಕಿಲ್ಲ? ಇದು ನನ್ನ ದೊಡ್ಡ ದೂರು. ವಕೀಲರು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿ ಬರೆಸಿದರು. ಎಲ್ಲರಿಗೂ ಅಂಥವರು ಸಿಗುವುದಿಲ್ಲ.

ಮಗಳ ಖರ್ಚು ಎಷ್ಟು ಎಂದು ಕೇಳಿದರು. 'ಹದಿನೈದು ಸಾವಿರ ಬೇಕು ಮೇಡಂ' ಎಂದೆ. 'ಹೇಗೆ?' ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ದಿನಕ್ಕೆ ನೂರಾರು ಬಿಲ್ ಹರಿದು ಕೊಡುವವಳು ನಾನು, ನನ್ನ ಮಗಳದ್ದು ಒಂದು ಬಿಲ್ಲೂ ಎತ್ತಿಟ್ಟಿರಲಿಲ್ಲ. ಮನೆಗೆ ಬಂದು ಹುಡುಕಿದೆ. ಶಾಲೆಗೆ ಹೋಗಿ ರಸೀದಿಗಳ ನಕಲು ಕೇಳಿದೆ. ಮೆಡಿಕಲ್ ಶಾಪಿನವರು ಪಾಪ, ಆರು ತಿಂಗಳ ಬಿಲ್ ಮತ್ತೆ ಪ್ರಿಂಟ್ ಹಾಕಿ ಕೊಟ್ಟರು.

ಕೊನೆಗೆ ಲೆಕ್ಕ ಹೀಗೆ ನಿಂತಿತು. ಫೀಸು, ಪುಸ್ತಕ, ಯೂನಿಫಾರ್ಮ್ ಸೇರಿ ವರ್ಷಕ್ಕೆ 45,200, ಅಂದರೆ ತಿಂಗಳಿಗೆ 3,767. ಶಾಲೆಯ ವ್ಯಾನ್ 900. ಟ್ಯೂಷನ್ 700. ಕರಾಟೆ 600. ಇನ್‌ಹೇಲರ್ ಮತ್ತು ಡಾಕ್ಟರ್ 850. ಊಟ, ಹಾಲು, ಹಣ್ಣು 3,500. ಬಟ್ಟೆ 500. ಮನೆ ಬಾಡಿಗೆ 7,500, ನಾವು ಮೂರು ಜನ ಇದ್ದೇವೆ, ಅದರಲ್ಲಿ ಅವಳ ಪಾಲು 2,500. ಒಟ್ಟು 13,317. ಬಾಡಿಗೆಯಲ್ಲೂ ಮಗುವಿಗೆ ಪಾಲು ಹಾಕಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಮಗು ತಲೆಯ ಮೇಲೆ ಸೂರಿಲ್ಲದೆ ಬೆಳೆಯುತ್ತದಾ ಎಂದರು ವಕೀಲರು.

ನನ್ನ ಸಂಬಳ, ಬ್ಯಾಂಕ್ ಪಾಸ್‌ಬುಕ್, ಅಡವಿಟ್ಟ ಸರ, ಎಲ್ಲವನ್ನೂ ಬರೆದೆವು. ಸಂಜೆ ಮನೆಯಲ್ಲಿ ಬ್ಲೌಸ್ ಹೊಲಿದು ತಿಂಗಳಿಗೆ ಸಾವಿರ ಬರುತ್ತದೆ, ಅದನ್ನು ಬಿಡೋಣವಾ ಎಂದು ಕೇಳಿದೆ. ಅವರು ಖಡಾಖಂಡಿತ ಬೇಡ ಎಂದರು. ನಾವು ಒಂದು ಮುಚ್ಚಿಟ್ಟರೆ ಅವರು ಹತ್ತು ಮುಚ್ಚಿಟ್ಟದ್ದನ್ನು ಕೇಳುವ ಬಾಯಿ ನಮಗೆ ಇರುವುದಿಲ್ಲ ಎಂದರು. ಪ್ರಮಾಣ ಮಾಡಿ ಸುಳ್ಳು ಬರೆದರೆ ಅದಕ್ಕೆ ಬೇರೆ ಕ್ರಮವೂ ಇದೆ.

ಮಗಳ ತಂದೆಯ ಕಡೆಯ ಅಫಿಡವಿಟ್ ಬಂತು. ವರ್ಷಕ್ಕೆ 1 ಲಕ್ಷ 20 ಸಾವಿರ ಆದಾಯ. ತೋಟ ತನ್ನ ತಾಯಿಯ ಹೆಸರಿನಲ್ಲಿದೆ. ಎಲೆಚುಕ್ಕಿ ರೋಗದಿಂದ ಫಸಲು ಹೋಗಿದೆ.

ಓದಿ ನನಗೆ ಹೊಟ್ಟೆ ಉರಿಯಿತು. ಆ ಮನೆಯಲ್ಲಿ ಏಳು ಸುಗ್ಗಿ ಅಡಿಕೆ ಸುಲಿದವಳು ನಾನು. ಎಷ್ಟು ಕೊನೆ ಇಳಿಯುತ್ತದೆ, ಎಷ್ಟು ಹಂಡೆ ಬೇಯುತ್ತದೆ, ಎಷ್ಟು ಚೀಲ ಮಂಡಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ಆದರೆ ಗೊತ್ತಿದ್ದರೆ ಸಾಲದು, ಕಾಗದ ಬೇಕು. ಇಲ್ಲಿ ಈ ಉಚಿತ ವಕೀಲರು ಮಾಡಿದ ಕೆಲಸ ಯಾವ ದುಬಾರಿ ವಕೀಲರಿಗೂ ಕಡಿಮೆ ಅಲ್ಲ. ಮೊದಲು ಪಹಣಿ ತೆಗೆಸಿದರು. ಸರ್ವೆ ನಂಬರ್ ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ತೆಗೆಯಬಹುದು. 9ನೇ ಕಾಲಂನಲ್ಲಿ 2 ಎಕರೆ 20 ಗುಂಟೆ ಮಗಳ ತಂದೆಯ ಹೆಸರಿನಲ್ಲೇ ಇತ್ತು. 12ನೇ ಕಾಲಂನಲ್ಲಿ ಬೆಳೆ ಅಡಿಕೆ. 11ನೇ ಕಾಲಂನಲ್ಲಿ ಸಾಲ. ಸಾಲ ಇದ್ದದ್ದು ನಿಜ, ಅದನ್ನು ನಾವು ಒಪ್ಪಿಕೊಂಡೆವು. ಆಮೇಲೆ ನಮ್ಮ ವಕೀಲರು, ಮಗಳ ತಂದೆ ಅಡಿಕೆ ಹಾಕುವ ಸಹಕಾರ ಸಂಘದಿಂದ ಮಾರಾಟದ ದಾಖಲೆ ತರಿಸಿ ಎಂದು ಕೋರ್ಟಿಗೆ ಅರ್ಜಿ ಕೊಟ್ಟರು. ಸಂಘದವರು ಲೆಡ್ಜರ್ ನಕಲು ಕಳಿಸಿದರು. ಒಂದೇ ವರ್ಷದಲ್ಲಿ 11 ಕ್ವಿಂಟಾಲ್ ರಾಶಿ ಇಡಿ (ಅಡಿಕೆಯ ಒಂದು ದರ್ಜೆ), ಐದು ಲಕ್ಷ ಚಿಲ್ಲರೆ. ಖಾಸಗಿ ವ್ಯಾಪಾರಿಗೆ ಕೊಟ್ಟದ್ದು ಬೇರೆ.

ಪಾಟಿ ಸವಾಲಿನ ದಿನ ನಮ್ಮ ವಕೀಲರು ಆ ಕಾಗದ ಮಗಳ ತಂದೆಯ ಕೈಗೆ ಕೊಟ್ಟು, ಇದು ನಿಮ್ಮದೇ ಸಹಿಯಾ ಎಂದು ಕೇಳಿದರು. ಹೌದು ಎಂದರು. ಅಷ್ಟೇ. ಎರಡೇ ನಿಮಿಷ. ನಾನು ಆರು ತಿಂಗಳು ಕಾದದ್ದು ಆ ಎರಡು ನಿಮಿಷಕ್ಕೆ.

ಅವರ ವಕೀಲರೂ ನನ್ನನ್ನು ಬಿಡಲಿಲ್ಲ. ಹೆಣ್ಣುಮಗುವಿಗೆ ಕರಾಟೆ ಯಾಕೆ ಎಂದು ಕೇಳಿದರು. ಉಬ್ಬಸ ಇರುವ ಮಗು, ಡಾಕ್ಟರೇ ಏನಾದರೂ ವ್ಯಾಯಾಮ ಮಾಡಿಸಿ ಎಂದರು, ಶಾಲೆಯಲ್ಲಿ ಇದ್ದದ್ದು ಕರಾಟೆ ಎಂದೆ. ಅದೇ 2020ರ ತೀರ್ಪಿನಲ್ಲಿ ಇದಕ್ಕೂ ಉತ್ತರ ಇದೆ. ಮಗುವಿನ ಖರ್ಚು ಎಂದರೆ ಊಟ, ಬಟ್ಟೆ, ಮನೆ, ಔಷಧಿ, ಓದು. ಕೋಚಿಂಗ್ ಮತ್ತು ಇತರ ಕಲಿಕೆಯನ್ನೂ ಸೇರಿಸಬಹುದು, ದುಂದು ಆಗಬಾರದು. ಕರಾಟೆ ಉಳಿಯಿತು. ಟ್ಯೂಷನ್ ಹೋಯಿತು. ನಾಲ್ಕನೇ ಕ್ಲಾಸಿಗೆ ಟ್ಯೂಷನ್ ಅಗತ್ಯ ಎಂದು ತೋರಿಸಲು ನಮ್ಮಲ್ಲಿ ಏನೂ ಇರಲಿಲ್ಲ. ಮಗು ನೋಡಲು ಬಿಡುವುದಿಲ್ಲ ಎಂದೂ ಅವರು ದೂರಿದರು. ನ್ಯಾಯಾಧೀಶರು ಭೇಟಿಗೆ ಬೇರೆ ಅರ್ಜಿ ಹಾಕಿ, ಊಟದ ದುಡ್ಡಿಗೂ ಅದಕ್ಕೂ ಸಂಬಂಧ ಇಲ್ಲ ಎಂದರು. ಈಗ ತಿಂಗಳಿಗೆ ಎರಡು ಭಾನುವಾರ ಅವಳು ತಂದೆಯ ಜೊತೆ ಹೋಗುತ್ತಾಳೆ. ಅದು ಒಳ್ಳೆಯದೇ. ಅವಳಿಗೆ ತಂದೆ ಬೇಕು.

ಸಮಯದ ವಿಷಯಕ್ಕೆ ಬರುತ್ತೇನೆ. ನೋಟಿಸ್ ತಲುಪಿದ 60 ದಿನದಲ್ಲಿ, ಆದಷ್ಟು ಮಟ್ಟಿಗೆ, ಮಧ್ಯಂತರ ಜೀವನಾಂಶದ (ಕೇಸು ಮುಗಿಯುವ ತನಕ ಕೊಡುವ ಜೀವನಾಂಶ) ಅರ್ಜಿ ಮುಗಿಸಬೇಕು ಎಂದು ಕಾನೂನಿನಲ್ಲಿದೆ. ನನಗೆ ಮಧ್ಯಂತರ ಆದೇಶ ಬಂದದ್ದು 2025ರ ಫೆಬ್ರವರಿಯಲ್ಲಿ, ಅರ್ಜಿ ಹಾಕಿ ಏಳು ತಿಂಗಳಿಗೆ. ಒಂದು ಸಲ ಅವರ ವಕೀಲರಿಗೆ ಹುಷಾರಿಲ್ಲ. ಒಂದು ಸಲ ನ್ಯಾಯಾಧೀಶರು ರಜೆ. ಎರಡು ಸಲ ಅಫಿಡವಿಟ್ಟಿಗೆ ಟೈಮ್. ಪ್ರತಿ ತಾರೀಕಿಗೂ ನನಗೆ ಒಂದು ದಿನದ ಸಂಬಳ ಹೋಗುತ್ತದೆ. ನಾಲ್ಕನೇ ತಾರೀಕಿನ ಮೇಲೆ ವಕೀಲರು ಇ-ಕೋರ್ಟ್ಸ್ ಆ್ಯಪ್ ಹಾಕಿಕೊಟ್ಟರು. ಕೇಸಿಗೆ 16 ಅಕ್ಷರ-ಅಂಕಿಗಳ ಒಂದು ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ಹಾಕಿದರೆ ಮುಂದಿನ ತಾರೀಕು ಯಾವುದು, ಯಾವ ಹಂತ ಎಂದು ಮೊಬೈಲಿನಲ್ಲೇ ಗೊತ್ತಾಗುತ್ತದೆ. ಆಮೇಲೆ ಸುಮ್ನೆ ಹೋಗಿ ಬರುವುದು ಕಡಿಮೆಯಾಯಿತು. ಇದನ್ನು ಮೊದಲ ದಿನವೇ ಆ ಕಚೇರಿಯವರು ಹೇಳಬಹುದಿತ್ತು ಅಲ್ವಾ?

ಕಾಯುವ ಜಾಗದ ಬಗ್ಗೆಯೂ ಹೇಳಬೇಕು. ಕುಟುಂಬ ನ್ಯಾಯಾಲಯ ಎಂದ ಮೇಲೆ ಮಕ್ಕಳು ಬಂದೇ ಬರುತ್ತಾರೆ. ನಾನು ಹೋದ ಕಡೆ ಮಕ್ಕಳಿಗೆ ಕೂರಲು ಒಂದು ಮೂಲೆಯೂ ಇರಲಿಲ್ಲ. ಹೆಂಗಸರ ಶೌಚಾಲಯಕ್ಕೆ ಚಿಲಕ ಇರಲಿಲ್ಲ. ಒಂದು ದಿನ ನಾಲ್ಕು ವರ್ಷದ ಒಂದು ಗಂಡು ಮಗು, ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ, ನಡುವೆ ಕಾರಿಡಾರಿನಲ್ಲಿ ಬಿಸ್ಕತ್ತು ಹಿಡಿದು ನಿಂತಿತ್ತು. ಆ ಮೇಲೆ ನನ್ನ ಮಗಳನ್ನು ನಾನು ಒಂದು ಸಲವೂ ಕರೆದುಕೊಂಡು ಹೋಗಲಿಲ್ಲ. ಆಪ್ತ ಸಮಾಲೋಚಕಿಯೊಬ್ಬರು ಇದ್ದರು, ಅವರು ಮಾತ್ರ ಬಹಳ ಒಳ್ಳೆಯವರು. ಯಾರ ಪರವೂ ಮಾತಾಡದೆ, ಇಬ್ಬರನ್ನೂ ಅರ್ಧ ಗಂಟೆ ಕೇಳಿಸಿಕೊಂಡರು. ಭಾನುವಾರದ ಭೇಟಿಯ ಏರ್ಪಾಡು ಆದದ್ದು ಅವರಿಂದಲೇ.

ಮಧ್ಯಂತರ ಆದೇಶ ತಿಂಗಳಿಗೆ 4,000. ಅಂತಿಮ ಆದೇಶ 2025ರ ಸೆಪ್ಟೆಂಬರಿನಲ್ಲಿ ಬಂತು, ತಿಂಗಳಿಗೆ 8,500. ಆದೇಶದ ನಕಲನ್ನು ನಾನು ನಾಲ್ಕು ಸಲ ಓದಿದ್ದೇನೆ. ಮಗಳ ನ್ಯಾಯವಾದ ಖರ್ಚು ಸುಮಾರು 11,500 ಎಂದು ತೆಗೆದುಕೊಂಡಿದ್ದಾರೆ. ಟ್ಯೂಷನ್ ತೆಗೆದು, ಊಟ ಬಟ್ಟೆಯಲ್ಲಿ ಸ್ವಲ್ಪ ಕತ್ತರಿಸಿದ್ದಾರೆ. ತಂದೆಯ ಆದಾಯಕ್ಕೆ ಸಂಘದ ಲೆಕ್ಕ ಹಿಡಿದು, ಕೊಯ್ಲು, ಸುಲಿಯುವ ಕೂಲಿ, ಗೊಬ್ಬರ, ಬೋರ್ಡೋ ಔಷಧಿ ಹೊಡೆಸುವ ಖರ್ಚು, ರೋಗದ ನಷ್ಟ, ಸಾಲದ ಕಂತು ಎಲ್ಲ ಕಳೆದು ತಿಂಗಳಿಗೆ 38,000 ಎಂದು ಅಂದಾಜು ಮಾಡಿದ್ದಾರೆ. ಅವರ ತಾಯಿಯನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನೂ ಬರೆದಿದ್ದಾರೆ. ನನ್ನ ದುಡಿಮೆ 14,500. ಮಗುವನ್ನು ಸಾಕುವುದು ಇಬ್ಬರ ಹೊಣೆ, ದುಡಿಮೆಗೆ ತಕ್ಕ ಹಾಗೆ ಹಂಚಿಕೊಳ್ಳಬೇಕು. ಹಾಗಾಗಿ ತಂದೆಯ ಪಾಲು ಹೆಚ್ಚುಕಡಿಮೆ ಮುಕ್ಕಾಲು.

ನಾನು ಕೇಳಿದ್ದಕ್ಕಿಂತ ಕಡಿಮೆಯೇ. ಆದರೆ ಯಾವ ಸಂಖ್ಯೆ ಎಲ್ಲಿಂದ ಬಂತು ಎಂದು ಬೆರಳಿಟ್ಟು ತೋರಿಸಬಹುದು. ಎಲೆಚುಕ್ಕಿ ರೋಗದ ನಷ್ಟ ಕಳೆದದ್ದೂ ಸರಿ. ಆ ರೋಗ ನಮ್ಮ ಕಡೆ ಎಷ್ಟು ತೋಟ ಹಾಳು ಮಾಡಿದೆ ಎಂದು ನಾನೇ ನೋಡಿದ್ದೇನೆ. ಈ ಲೆಕ್ಕ ನ್ಯಾಯವಾಗಿದೆ ಎಂದು ನನಗೆ ಅನ್ನಿಸಿತು.

ದುಡ್ಡು ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ ಸಿಗುತ್ತದೆ. ಇದೂ ಅದೇ 2020ರ ತೀರ್ಪಿನ ನಿಯಮ. 2024ರ ಜುಲೈಯಿಂದ 2025ರ ಆಗಸ್ಟ್ ತನಕ 14 ತಿಂಗಳಿಗೆ 1,19,000. ಮಧ್ಯಂತರದ ಲೆಕ್ಕದಲ್ಲಿ ಕೊಟ್ಟದ್ದು 44,000. ಬಾಕಿ 75,000, ಮೂರು ಕಂತಿನಲ್ಲಿ ಕೊಡಲು ಹೇಳಿದರು. ಎರಡು ಕಂತು ಬಂತು, ಮೂರನೆಯದು ನಿಂತಿತು. ವಕೀಲರು ತಡ ಮಾಡದೆ ವಸೂಲಿಗೆ ಅರ್ಜಿ ಹಾಕಿದರು. ಕೊಡದಿದ್ದರೆ ವಾರಂಟ್ ಆಗುತ್ತದೆ, ಆಮೇಲೂ ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು. ಬಾಕಿ ಕೇಳಲು ಒಂದು ವರ್ಷದ ಗಡುವು ಇದೆ, ಆಮೇಲೆ ನೋಡೋಣ ಎಂದು ಕೂತರೆ ಹೋಗುತ್ತದೆ. ಈ ಗಡುವು ಗೊತ್ತಿಲ್ಲದೆ ದುಡ್ಡು ಕಳೆದುಕೊಂಡ ಒಬ್ಬರು ಅದೇ ಬೆಂಚಿನ ಮೇಲೆ ನನಗೆ ಸಿಕ್ಕಿದ್ದರು. ಮಗಳ ತಂದೆಗೆ ನೋಟಿಸ್ ಹೋದ ಹತ್ತು ದಿನಕ್ಕೆ ನಮಗೆ ಮೂರನೇ ಕಂತು ಬಂತು.

ಇಡೀ ಕೇಸಿಗೆ ನನ್ನ ಕೈಯಿಂದ ಹೋದದ್ದು ಬಸ್ ಚಾರ್ಜು, ಜೆರಾಕ್ಸು, ಪಹಣಿ, ತಾರೀಕಿನ ದಿನದ ಸಂಬಳ. ವಕೀಲರಿಗೆ ಒಂದು ರೂಪಾಯಿ ಇಲ್ಲ. ಆದೇಶ ಬಂದ ದಿನ ಸೀರೆ ತೆಗೆದುಕೊಂಡು ಹೋದೆ, ನಮ್ಮ ಅಂಗಡಿಯದೇ. ತೆಗೆದುಕೊಳ್ಳಲಿಲ್ಲ. ಕಾಫಿ ಕುಡಿದರು.

5ಕ್ಕೆ 4 ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಬಾರದ ಆ ಮೊದಲ ವಕೀಲರಿಗೆ, ಇಂಗ್ಲಿಷ್ ಫಾರಂಗೆ, ಚಿಲಕ ಇಲ್ಲದ ಬಾಗಿಲಿಗೆ. ಹೋಗುವವರು ಬಿಲ್ಲುಗಳನ್ನು ಮೊದಲ ದಿನವೇ ತೆಗೆದುಕೊಂಡು ಹೋಗಿ. ನಾನು ತಡ ಮಾಡಿದ್ದರಿಂದಲೇ ಒಂದು ತಾರೀಕು ಹೋಯಿತು.

ಫೀಸು ಜಾಸ್ತಿಯಾದರೆ, ಪರಿಸ್ಥಿತಿ ಬದಲಾದರೆ ಅದೇ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಸೆಕ್ಷನ್ನಿನಲ್ಲಿ ಮೊತ್ತ ಬದಲಾಯಿಸಲು ಕೇಳಬಹುದು. ಅವರೂ ಕೇಳಬಹುದು, ಅಡಿಕೆ ದರ ಬಿದ್ದರೆ. ಮಗಳು ಹೈಸ್ಕೂಲಿಗೆ ಹೋಗುವಾಗ ನಾನು ಮತ್ತೆ ಆ ಕಚೇರಿಗೆ ಹೋಗಬೇಕಾಗುತ್ತದೆ. ಫ್ರಿಜ್ಜಿನ ಮೇಲೆ ಒಂದು ಹಳೇ ಬಿಸ್ಕತ್ ಡಬ್ಬಿ ಇದೆ. ಶಾಲೆಯ ರಸೀದಿ, ಮೆಡಿಕಲ್ ಬಿಲ್ಲು, ವ್ಯಾನಿನವರು ಬರೆದುಕೊಡುವ ಚೀಟಿ, ಎಲ್ಲವನ್ನೂ ಈಗ ಅವಳೇ ತಂದು ಅದರೊಳಗೆ ಹಾಕುತ್ತಾಳೆ.